ಅದೇ ಮಳೆ ಮತ್ತೆ ಬೇಕೆಂದರೆ

ಚೆನ್ನೈನ ಕೋಡಂಬಾಕ್ಕಂ ಅಂದರೆ ಸಿನಿಮಾ. 1954ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಬಂದ ‘ಬೇಡರ ಕಣ್ಣಪ್ಪ’ದ ತಯಾರಿಕೆಯಲ್ಲಿ ಪಕ್ಕದ ವಡಪಳನಿಯ ಎವಿಎಂ ಕೈಜೋಡಿಸಿತ್ತು. ಆಮೇಲೂ ಬಹಳ ವರ್ಷ ಎಷ್ಟೋ ಕನ್ನಡ ಚಿತ್ರಗಳು ಆ ಸುತ್ತಿನ ಸ್ಟುಡಿಯೋಗಳಲ್ಲೇ ತಯಾರಾದವು. ಆಗ ತೆರೆಯ ಮೇಲೆ ಮಳೆ ಬರಬೇಕಾದರೆ ಪೈಪಿನಲ್ಲಿ ನೀರು ಸುರಿಸಬೇಕಿತ್ತು. ಈಗ ಮಳೆಯನ್ನು ಕಂಪ್ಯೂಟರಿನಲ್ಲೂ ಬರಿಸಬಹುದು. ಯಾವ ಹನಿ ಎಲ್ಲಿ ಬೀಳಬೇಕು ಅನ್ನೋದನ್ನು ರ‍್ಯಾಂಡಮ್ ನಂಬರ್ ತೀರ್ಮಾನಿಸುತ್ತದೆ. ಆ ಹನಿಯನ್ನೇ ಹಿಡಿದುಕೊಂಡು ಇವತ್ತು ಸಿ ಭಾಷೆಯಲ್ಲಿ ‘ಸೀಡ್’ ಕೊಡೋದರ ಬಗ್ಗೆ ಮಾತಾಡೋಣ.

ಮೊದಲು ಒಂದು ಪ್ರಯೋಗ. ಜಿಎನ್‌ಯು ಸಿ ಲೈಬ್ರರಿ ಇರುವ ಲಿನಕ್ಸಿನಲ್ಲಿ ದಾಳ ಎಸೆಯುವ ಪ್ರೋಗ್ರಾಂ ಬರೆಯಿರಿ. ‘ರ‍್ಯಾಂಡ್’ ಫಂಕ್ಷನ್ ಕೊಟ್ಟ ಸಂಖ್ಯೆಯನ್ನು 6ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿ. ಐದು ಸಲ ಎಸೆದರೆ 2, 5, 4, 2, 6 ಬರುತ್ತದೆ. ನಾಳೆ ಓಡಿಸಿದರೂ 2, 5, 4, 2, 6. ಯಾಕೆಂದರೆ ರ‍್ಯಾಂಡ್ ಮಾಡೋದು ಬರೀ ಲೆಕ್ಕ. ಹಿಂದಿನ ಲೆಕ್ಕದಿಂದ ಮುಂದಿನ ಸಂಖ್ಯೆ ಹುಟ್ಟುತ್ತದೆ. ಆ ಲೆಕ್ಕ ಶುರುವಾಗೋದು ಸೀಡ್‌ನಿಂದ. ‘ಎಸ್‌ರ‍್ಯಾಂಡ್’ ಕರೆದು ನಾವು ಸೀಡ್ ಕೊಡದಿದ್ದರೆ ಅದನ್ನು 1 ಎಂದೇ ಹಿಡಿಯಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳುತ್ತದೆ.

ಹಾಗಾದರೆ ಗಡಿಯಾರದ ಸಮಯವನ್ನೇ ಸೀಡ್ ಆಗಿ ಕೊಟ್ಟುಬಿಡೋಣವೇ? ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಕಲಿಯೋದು ಇದನ್ನೇ. ಆಟಕ್ಕೆ ಇದು ಸಾಕು. ಆದರೆ ಎಸ್‌ರ‍್ಯಾಂಡ್ ಅನ್ನು ಮೇನ್ ಫಂಕ್ಷನ್ ಶುರುವಿನಲ್ಲಿ ಒಮ್ಮೆ ಮಾತ್ರ ಕರೆಯಬೇಕು. ಲೂಪಿನ ಒಳಗೆ ಕರೆದರೆ, ಸಮಯ ಬದಲಾಗೋದು ಸೆಕೆಂಡಿಗೊಮ್ಮೆ ಆದ್ದರಿಂದ, ಆ ಸೆಕೆಂಡು ಪೂರ್ತಿ ಒಂದೇ ಸಂಖ್ಯೆ ಬರುತ್ತಿರುತ್ತದೆ.

ಈಗ ಮಳೆಗೆ ಬನ್ನಿ. ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮ್. ಒಂದು ಶಾಟ್‌ನ ಫ್ರೇಮುಗಳನ್ನು ಹಲವು ಕಂಪ್ಯೂಟರುಗಳಿಗೆ ಹಂಚಿ ರೆಂಡರ್ ಮಾಡುತ್ತಾರೆ. ಒಂದೊಂದೂ ತನ್ನ ಗಡಿಯಾರ ನೋಡಿ ಸೀಡ್ ಕೊಟ್ಟುಕೊಂಡರೆ ಈ ಫ್ರೇಮಿನ ಹನಿ ಮುಂದಿನ ಫ್ರೇಮಿನಲ್ಲಿ ಇನ್ನೆಲ್ಲೋ ಇರುತ್ತದೆ. ಮಳೆ ಸುರಿಯುವುದಿಲ್ಲ, ಮಿಣಮಿಣ ಅನ್ನುತ್ತದೆ. ಬೆಳಕು ಸ್ವಲ್ಪ ಕಡಿಮೆ ಮಾಡಿ ಅಂತ ನಿರ್ದೇಶಕರು ಮುಂದಿನ ವಾರ ಕೇಳಿದಾಗ ಬೆಳಕು ಮಾತ್ರ ಬದಲಾಗಬೇಕು, ಮಳೆ ಅದೇ ಇರಬೇಕು. ಅದಕ್ಕೇ ಶಾಟ್‌ಗೊಂದು ಸೀಡ್ ಗೊತ್ತುಮಾಡಿ ಬರೆದಿಡಬೇಕು, ಸಹಾಯಕ ನಿರ್ದೇಶಕರು ಕಂಟಿನ್ಯುಟಿ ಬರೆದಿಡುವ ಹಾಗೆ.

ಇಲ್ಲೊಂದು ಬಲೆ ಇದೆ. ಒಂದೊಂದು ಹನಿಗೂ ಅದರದೇ ಸೀಡ್ ಬೇಕಾದಾಗ, ಹನಿಯ ಕ್ರಮಸಂಖ್ಯೆಯನ್ನೇ ಸೀಡ್ ಮಾಡಿದರೆ ಆಯಿತಲ್ಲ ಅನ್ನಿಸುತ್ತದೆ. ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯಲ್ಲಿ ಸೀಡ್ 1, 2, 3, 4 ಕೊಟ್ಟು ಪ್ರತಿಸಲದ ಮೊದಲ ಸಂಖ್ಯೆ ನೋಡಿ: 41, 45, 48, 51. ಹೀಗೆ ಬಂದರೆ ಹನಿಗಳು ಸಾಲು ಹಿಡಿದು ನಿಲ್ಲುತ್ತವೆ. ಕ್ರಮಸಂಖ್ಯೆಯನ್ನು ಒಳ್ಳೆಯ ಹ್ಯಾಶ್ ಫಂಕ್ಷನ್‌ನಲ್ಲಿ ಕಲಸಿ ಆಮೇಲೆ ಬಳಸಿ. ಇನ್ನೊಂದು ವಿಷಯ: ಅದೇ ಸೀಡ್ 1ಕ್ಕೆ ಲಿನಕ್ಸ್ ಕೊಡೋದು 1804289383. ಎರಡೂ ಬಗೆಯ ಕಂಪ್ಯೂಟರಿನಲ್ಲಿ ಒಂದೇ ಮಳೆ ಬೇಕಾದರೆ ರ‍್ಯಾಂಡ್ ನಂಬಬೇಡಿ, ಜನರೇಟರನ್ನು ನಿಮ್ಮ ಪ್ರೋಗ್ರಾಮಿನೊಳಗೇ ಇಟ್ಟುಕೊಳ್ಳಿ.

ಪಾಸ್‌ವರ್ಡ್, ಒಟಿಪಿ, ಗುಪ್ತ ಕೀಲಿಗಳ ಮಾತೇ ಬೇರೆ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ತನ್ನ ಸೀಡನ್ನು ದಿನದ ಸಮಯ ಮತ್ತು ಪ್ರೋಸೆಸ್ ನಂಬರುಗಳಿಂದ ಮಾಡುತ್ತಿತ್ತು. ಬರ್ಕ್ಲಿಯ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ಅದನ್ನು ಊಹಿಸಬಹುದೆಂದು ತೋರಿಸಿಕೊಟ್ಟರು. ಬರೀ ಸೆಕೆಂಡಿನ ಸಮಯವನ್ನೇ ಸೀಡ್ ಮಾಡಿದರಂತೂ ಇನ್ನೂ ಸುಲಭ: ಒಂದು ದಿನಕ್ಕೆ ಇರೋದೇ 86,400 ಸೆಕೆಂಡು. ಯಾವ ದಿನ ಅನ್ನೋದು ಗೊತ್ತಿದ್ದರೆ ಅಷ್ಟೂ ಸೀಡುಗಳನ್ನು ಲ್ಯಾಪ್‌ಟಾಪ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಪರೀಕ್ಷಿಸಿಬಿಡುತ್ತದೆ. ಗುಟ್ಟಿನ ಕೆಲಸಕ್ಕೆ ರ‍್ಯಾಂಡ್ ಮುಟ್ಟಲೇಬೇಡಿ. ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಿ. ಲಿನಕ್ಸಿನಲ್ಲಿ ಅದಕ್ಕೆಂದೇ 2014ರಿಂದ ‘ಗೆಟ್‌ರ‍್ಯಾಂಡಮ್’ ಇದೆ.

ಆದ್ದರಿಂದ ಕೋಡ್ ಬರೆಯುವ ಮೊದಲೇ ಕೇಳಿಕೊಳ್ಳಿ: ಇದೇ ಸಂಖ್ಯೆಗಳು ನನಗೆ ಮತ್ತೆ ಬೇಕೋ, ಅಥವಾ ಬೇರೆ ಯಾರಿಗೂ ಸಿಗಬಾರದೋ? ಸಿಗಬಾರದು ಅಂದರೆ ದಾರಿ ಈಗಷ್ಟೇ ಹೇಳಿದೆ. ಮತ್ತೆ ಬೇಕು ಅಂದರೆ ಸೀಡನ್ನು ಕಮಾಂಡ್ ಲೈನಿನಿಂದ ತೆಗೆದುಕೊಳ್ಳಿ. ಯಾರೂ ಕೊಡದಿದ್ದರೆ ಸಮಯ ಬಳಸಿ. ಬಳಸಿದ್ದು ಯಾವುದೇ ಆಗಲಿ, ಲಾಗ್‌ನ ಮೊದಲ ಸಾಲಿನಲ್ಲಿ ಪ್ರಿಂಟ್ ಮಾಡಿ. ಸಾವಿರ ಸಲಕ್ಕೊಮ್ಮೆ ಕಾಣಿಸಿಕೊಳ್ಳುವ ಬಗ್ ಕೂಡ ಆಗ ಕೇಳಿದಾಗಲೆಲ್ಲ ಬಂದು ನಿಲ್ಲುತ್ತದೆ, ಕೂತು ಸರಿಪಡಿಸಬಹುದು.