ಒಂದು ನೆರಳು ಸಾಲದು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಶೋಧನೆಯ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕೇಳಿದ್ದೀರಿ. ನಾನು ವಿಜ್ಞಾನ ಓದಿದವನಲ್ಲ. ಉರ್ದು, ಕನ್ನಡ ಕಲಿಸುವ ಮೇಷ್ಟ್ರು. ಆದ್ದರಿಂದ ಪದದಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ ಸಂಶೋಧನೆಗೆ 'ತಹ್ಕೀಕ್' ಎನ್ನುತ್ತೇವೆ. ಅದರ ಬೇರಿನಲ್ಲಿ 'ಹಕ್', ಅಂದರೆ ಸತ್ಯ, ಇದೆ. ಕನ್ನಡದ 'ಶೋಧಿಸು' ಎಂಬುದಕ್ಕೆ ಹುಡುಕುವುದು, ಸೋಸುವುದು ಎಂಬ ಎರಡು ಅರ್ಥಗಳಿವೆ. ನಮ್ಮ ಕಡೆಯ ಆಲೆಮನೆಗಳಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಬಂದ ಕೊಳೆಯನ್ನು ತೆಗೆಯುವುದು ನೀವೆಲ್ಲ ಕಂಡದ್ದೇ. ತೋರಿದ್ದನ್ನೆಲ್ಲ ನಂಬದೆ, ಸೋಸಿ ನೋಡಿ ಸತ್ಯವನ್ನು ಉಳಿಸಿಕೊಳ್ಳುವ ಕೆಲಸವೇ ಸಂಶೋಧನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ನಮ್ಮ ನಾನಿಗೆ ಮಂಡ್ಯದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ವಿ. ಕುಯ್ಯದೇನೇ ತಲೆ ಒಳಗೆ ಇರೋದು ಹೆಂಗೆ ಕಾಣ್ತದೆ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. "ಅದು ಪರೀಕ್ಷೆಗೆ ಬರೋದಿಲ್ಲ, ಪದ್ಯ ಬಾಯಿಪಾಠ ಮಾಡು" ಎಂದು ಕೂರಿಸಿಬಿಟ್ಟೆ. ಆ ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಉತ್ತರ ನನಗೆ ಬಹಳ ತಡವಾಗಿ ತಿಳಿಯಿತು. ಬಿಂದಿಗೆಯೊಂದನ್ನು ದೀಪದ ಮುಂದೆ ಹಿಡಿಯಿರಿ. ಮೇಲಿನಿಂದ ಬೆಳಕು ಬಿದ್ದರೆ ನೆರಳು ತಟ್ಟೆಯಂತೆ ದುಂಡಗೆ ಕಾಣುತ್ತದೆ. ಪಕ್ಕದಿಂದ ಬಿದ್ದರೆ ಮಾತ್ರ ಅದು ಬಿಂದಿಗೆ ಎಂದು ಗೊತ್ತಾಗುತ್ತದೆ. ಎಕ್ಸ್-ರೇ ಕೂಡ ನೆರಳೇ. ಸಿ.ಟಿ. ಯಂತ್ರ ದೇಹದ ಸುತ್ತ ತಿರುಗಿ ನೂರಾರು ಕಡೆಯಿಂದ ಇಂಥ ನೆರಳುಗಳನ್ನು ತೆಗೆಯುತ್ತದೆ. ಅವನ್ನು ಸುಮ್ಮನೆ ಕೂಡಿಸಿದರೆ ಚಿತ್ರ ಮಸುಕಾಗುತ್ತದೆ. ಪ್ರತಿ ನೆರಳನ್ನೂ ಮೊದಲು ಒಂದು ಲೆಕ್ಕದಿಂದ ತಿದ್ದಿ, ಆಮೇಲೆ ಕೂಡಿಸುವ ಸರಳ ವಿಧಾನವೊಂದನ್ನು 1971ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಆದದ್ದೂ ಅದೇ ವರ್ಷ. ಈ ಯಂತ್ರದ ಹಿಂದಿನ ಕೆಲಸಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಬೆಂಗಳೂರಿನವರ ಲೆಕ್ಕ 'ರಾಮ್-ಲಾಕ್' ಎಂಬ ಹೆಸರಿನಲ್ಲಿ ಇಂದಿಗೂ ಪಾಠವಾಗುತ್ತಿದೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಉತ್ತರವಿತ್ತು!

ಇನ್ನು ರಸಾಯನಶಾಸ್ತ್ರ. ಪೆನ್ಸಿಲಿನೊಳಗಿನ ಗ್ರಾಫೈಟ್ ಮತ್ತು ವಜ್ರ, ಎರಡೂ ಇಂಗಾಲವೇ. ಪರಮಾಣುಗಳು ಜೋಡಿಸಿಕೊಂಡ ರೀತಿ ಮಾತ್ರ ಬೇರೆ. ಹರಳಿನ ಮೇಲೆ ಎಕ್ಸ್-ರೇ ಬಿಟ್ಟು, ಅದು ಚದುರಿ ಮೂಡಿಸುವ ಚುಕ್ಕೆಗಳಿಂದ ಒಳಗಿನ ಜೋಡಣೆಯನ್ನು ಲೆಕ್ಕ ಹಾಕುವುದನ್ನು ತೋರಿಸಿದ ಬ್ರ್ಯಾಗ್ ತಂದೆ-ಮಗನಿಗೆ 1915ರಲ್ಲಿ ನೊಬೆಲ್ ದೊರೆಯಿತು. ವಸ್ತುಗಳ ಈ ರಸಾಯನಶಾಸ್ತ್ರವನ್ನು ನಮ್ಮಲ್ಲಿ ಬೆಳೆಸಿದವರಲ್ಲಿ ಪ್ರಮುಖರು ಸಿ.ಎನ್.ಆರ್. ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ಅವರು 2014ರಲ್ಲಿ ಭಾರತರತ್ನ ಸ್ವೀಕರಿಸಿದರು. ಸಿ.ಟಿ. ಯಂತ್ರದಲ್ಲಿ ಎಕ್ಸ್-ರೇಯನ್ನು ಬೆಳಕಾಗಿ ಮಾರ್ಪಡಿಸುವ ವಸ್ತುವೂ ಇಂಥ ರಸಾಯನಶಾಸ್ತ್ರದ ಕೊಡುಗೆಯೇ.

ಇದಕ್ಕೂ ತೆರಿಗೆಗೂ ಏನು ಸಂಬಂಧ ಎನ್ನುವಿರಾ? ಹಣವೂ ಈಗ ಕಣ್ಣಿಗೆ ಕಾಣದ ಹಾದಿಯಲ್ಲಿ ಓಡಾಡುತ್ತದೆ. ಇಲ್ಲಿ ಕಚೇರಿಯೇ ಇಲ್ಲದ ವಿದೇಶಿ ಕಂಪನಿ ನಮಗೆ ಜಾಹೀರಾತು ಮಾರಿದರೆ ಆದಾಯ ಹುಟ್ಟಿದ್ದು ಎಲ್ಲಿ? ಪ್ರಪಂಚದ ವಿದ್ವಾಂಸರು ಇದನ್ನು ಇನ್ನೂ ಚರ್ಚಿಸುತ್ತಿದ್ದಾರೆ. ಭಾರತ 2016ರಲ್ಲಿ ಇಂಥ ಜಾಹೀರಾತಿನ ಮೇಲೆ ಶೇ. 6ರ ತೆರಿಗೆ ಹಾಕಿ, 2025ರ ಏಪ್ರಿಲ್‌ನಿಂದ ಅದನ್ನು ಕೈಬಿಟ್ಟಿತು. ಸಣ್ಣವರ ಸಂಗತಿಗೆ ಬನ್ನಿ. 2025ರ ಜುಲೈನಲ್ಲಿ ಯು.ಪಿ.ಐ. ಜಮೆಯ ಆಧಾರದ ಮೇಲೆ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತು. ಬೆಂಗಳೂರಿನಲ್ಲಿ ಎಷ್ಟೋ ಜನ ಕ್ಯು.ಆರ್. ಕೋಡ್ ಕಿತ್ತುಹಾಕಿ, ನಗದು ಮಾತ್ರ ಎಂದು ಬರೆದು ಅಂಟಿಸಿದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು, ನಿಜ. ಆದರೆ ಖಾತೆಗೆ ಬಂದದ್ದರಲ್ಲಿ ಕೈಸಾಲವಿರಬಹುದು, ಮಗ ಕಳಿಸಿದ ಹಣವಿರಬಹುದು, ತೆರಿಗೆಯೇ ಇಲ್ಲದ ತರಕಾರಿಯ ಹಣವಿರಬಹುದು. ಒಟ್ಟು ಜಮೆ ಎಂಬುದು ಒಂದು ನೆರಳು. ಬಿಲ್ಲು, ಖರೀದಿ ಪುಸ್ತಕ, ಬ್ಯಾಂಕಿನ ಲೆಕ್ಕ ಎಲ್ಲ ಸೇರಿದಾಗ ನಿಜವಾದ ವ್ಯಾಪಾರ ಕಾಣುತ್ತದೆ. ದುದ್ದದ ಅಂಗಡಿಯ ಬಂಧುಗಳೇ, ಹೆದರಿ ಕೋಡ್ ಕೀಳಬೇಡಿ, ಲೆಕ್ಕ ಬರೆದಿಡಿ. ಬರೆಯಲು ಬಾರದಿದ್ದರೆ ಓದುವ ಮಕ್ಕಳಿಂದ ಬರೆಸಿ.

ಮೂರೂ ಕಡೆ ಪಾಠ ಒಂದೇ. ಒಳಗನ್ನು ತಿಳಿಯಬೇಕಾದರೆ ಹಲವು ಕಡೆಯಿಂದ ನೋಡಬೇಕು. ಮಕ್ಕಳ ವಿಷಯದಲ್ಲಿ ನಾವು ಹಾಗೆ ನೋಡುತ್ತಿದ್ದೇವೆಯೇ? ಆ ಹುಡುಗ ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಫೇಲಾದ. ಅಂಕಪಟ್ಟಿ ಎಂಬ ಒಂದೇ ನೆರಳನ್ನು ನೋಡಿ, ನಾನೂ ಸೇರಿ ಎಲ್ಲರೂ ಇವನಿಗೆ ಓದು ಹತ್ತುವುದಿಲ್ಲ ಎಂದೆವು. ಈಗ ಅವನು ಬೈಕ್ ರಿಪೇರಿ ಮಾಡುತ್ತಾನೆ. ಮೊನ್ನೆ ಅವನನ್ನು ಹುಡುಕಿಕೊಂಡು ಹೋಗಿ ಈ ನೆರಳಿನ ಕಥೆ ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟು ಕೇಳಿಸಿಕೊಂಡವನು, "ಹಂಗಾದ್ರೆ ಕಮ್ಮಿ ಅಂದ್ರೆ ಎಷ್ಟು ಕಡೆಯಿಂದ ತೆಗೆದ್ರೆ ಸಾಕು ಸಾರ್?" ಎಂದ.

ನೆರಳು ಕಡಿಮೆಯಾದಷ್ಟೂ ರೋಗಿಗೆ ತಾಗುವ ವಿಕಿರಣ ಕಡಿಮೆ. ಹಾಗಾಗಿ ಸಂಶೋಧಕರು ಇದೇ ಪ್ರಶ್ನೆಯ ಮೇಲೆ ಇಂದಿಗೂ ದುಡಿಯುತ್ತಿದ್ದಾರೆ. ಅವನು ಮತ್ತೆ ಗಣಿತ ಪರೀಕ್ಷೆ ಬರೆಯಲು ಒಪ್ಪಿದ್ದಾನೆ. ಅವನಂಥವರು ನಮ್ಮ ಹೋಬಳಿಯಲ್ಲಿ ಇನ್ನೆಷ್ಟು ಮಂದಿಯೋ! ಅವರಿಗಾಗಿ ಭಾನುವಾರ ಒಂದೆರಡು ಗಂಟೆ ಪಾಠ ಹೇಳಲು ಸಂಘದ ಪದವೀಧರರು ಮುಂದೆ ಬರಬೇಕೆಂದು ಕೈಮುಗಿದು ಕೇಳುತ್ತೇನೆ. ವಿದ್ಯಾರ್ಥಿಗಳೇ, ನೀವು ಪ್ರಶ್ನೆ ಕೇಳಿ. ನನಗೆ ತಿಳಿಯದಿದ್ದರೆ ತಿಳಿಯದು ಎಂದೇ ಹೇಳುತ್ತೇನೆ, ಇಬ್ಬರೂ ಕೂಡಿ ಹುಡುಕೋಣ.