ಅರಬ್ಬಿ ಗಾದೆಗೆ ಇಂಗ್ಲಿಷ್ ಉಡುಪು



ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನಮ್ಮ ಗಾದೆ. ಅರಬ್ಬರು ಇದನ್ನೇ ‘ತಾಯಿಯ ಕಣ್ಣಿಗೆ ಕೋತಿಯೂ ಜಿಂಕೆ’ ಎನ್ನುತ್ತಾರೆ. ಇದನ್ನು ಇಂಗ್ಲಿಷಿಗೆ ತರುವವರು ‘ಚೆಲುವು ನೋಡುವವರ ಕಣ್ಣಿನಲ್ಲಿದೆ’ ಎಂಬ ಅಲ್ಲಿನ ಸಿದ್ಧ ಮಾತನ್ನು ಬಳಸುವುದುಂಟು. ಓದಲು ಸಲೀಸು, ನಿಜ. ಆದರೆ ತಾಯಿ ಎಲ್ಲಿ ಹೋದಳು? ಗಾದೆಯ ನಗು, ಮಮತೆ ಎರಡೂ ಅವಳಲ್ಲೇ ಇದ್ದವು.

ಹಾಗಾದರೆ ಪದಕ್ಕೆ ಪದ ಇಟ್ಟರೆ ಸಾಕೇ? ಕೈರೋದಲ್ಲಿ 1817ರಲ್ಲಿ ತೀರಿಕೊಂಡ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟ್ ಸಂಗ್ರಹಿಸಿದ ಅರಬ್ಬಿ ಗಾದೆಗಳು 1830ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅವನು ಮೂಲವನ್ನು ಕೊಟ್ಟು, ಇದ್ದಂತೆ ಅನುವಾದಿಸಿ, ಕೆಳಗೆ ವಿವರಣೆ ಬರೆದ. ಈಜಿಪ್ಟಿನ ಜನಜೀವನ ತಿಳಿಸುವುದು ಅವನ ಉದ್ದೇಶವಾಗಿದ್ದರಿಂದ ಅದು ಸರಿಯೇ. ಆದರೆ ಕಾದಂಬರಿಯ ಪಾತ್ರ ಜಗಳದ ನಡುವೆ ಗಾದೆ ಒಗೆದಾಗ ವಿವರಣೆಗೆ ಜಾಗವೆಲ್ಲಿ?

ನುಡಿಗಟ್ಟುಗಳ ಪಾಡು ಇನ್ನೂ ಕಷ್ಟ. ಸಂತೋಷದ ಸುದ್ದಿ ಕೇಳಿದ ಅರಬ್ಬ ‘ಎದೆ ಹಿಮದಂತೆ ತಂಪಾಯಿತು’ ಎನ್ನುತ್ತಾನೆ. ಬಿಸಿಲು ನಾಡಿನಲ್ಲಿ ತಂಪೇ ಸುಖ. ಹೊಟ್ಟೆ ತಣ್ಣಗಿರಲಿ ಎಂದು ಹರಸುವ ನಮಗೆ ಇದು ಥಟ್ಟನೆ ತಿಳಿಯುತ್ತದೆ. ಚಳಿನಾಡಿನ ಇಂಗ್ಲಿಷಿನಲ್ಲಿ ಎದೆ ತಣ್ಣಗಾದರೆ ಭಯವೆಂದೇ ಅರ್ಥ. ಅಲ್ಲಿ ‘ಎದೆ ಬೆಚ್ಚಗಾಯಿತು’ ಎಂದೇ ಬರೆಯಬೇಕು. ಪದ ತಿರುಗುಮುರುಗಾದರೂ ಭಾವ ಉಳಿಯಿತು.

ಕೆಲವು ಮಾತುಗಳ ಬೆನ್ನಿಗೆ ಕಥೆಯಿದೆ. ‘ಹುನೈನನ ಜೋಡಿನೊಂದಿಗೆ ಮರಳಿದ’ ಎಂದರೆ ಬರಿಗೈಯಲ್ಲಿ ಬಂದ ಎಂದರ್ಥ. ಒಬ್ಬ ಮರುಭೂಮಿವಾಸಿ ಚಮ್ಮಾರ ಹುನೈನನ ಬಳಿ ಚೌಕಾಸಿ ಮಾಡಿ, ಏನೂ ಕೊಳ್ಳದೆ ಹೊರಟ. ಸಿಟ್ಟಿಗೆದ್ದ ಹುನೈನ್ ದಾರಿಯಲ್ಲಿ ಒಂದು ಜೋಡು, ಇನ್ನಷ್ಟು ಮುಂದೆ ಮತ್ತೊಂದು ಎಸೆದು ಅಡಗಿ ಕುಳಿತ. ಎರಡನೆಯದನ್ನು ಕಂಡವನು ಒಂಟೆ ಬಿಟ್ಟು ಮೊದಲನೆಯದಕ್ಕಾಗಿ ಹಿಂದೆ ಓಡಿದ. ಅಷ್ಟರಲ್ಲಿ ಒಂಟೆ ಹುನೈನನ ಪಾಲಾಗಿತ್ತು! ‘ಬರಿಗೈ’ ಎಂದರೆ ಅರ್ಥ ದಾಟೀತು, ಕಥೆ ದಾಟದು.

ಇದು ಸಾಹಿತ್ಯಕ್ಕಷ್ಟೇ ಸೇರಿದ ಚಿಂತೆಯಲ್ಲ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಆರಂಭವಾದಾಗ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಅದನ್ನು ‘ಉಮ್ಮುಲ್ ಮಆರಿಕ್’ ಎಂದರು. ‘ಉಮ್ಮ್’ ಎಂದರೆ ತಾಯಿ. ಮೂಲ, ಮುಖ್ಯ ಎಂಬ ಅರ್ಥವೂ ಇದೆ. ಮೆಕ್ಕಾ ನಗರಕ್ಕೆ ‘ಊರುಗಳ ತಾಯಿ’ ಎಂಬ ಹೆಸರುಂಟು. ತಾಯಿಬೇರು ಎನ್ನುವ ನಮಗೆ ಇದೇನೂ ಹೊಸತಲ್ಲ. ‘ಮಹಾಸಮರ’ ಎಂದಿದ್ದರೆ ಸಾಕಿತ್ತು. ಇಂಗ್ಲಿಷಿನಲ್ಲಿ ಅದು ‘ಮದರ್ ಆಫ್ ಆಲ್ ಬ್ಯಾಟಲ್ಸ್’ ಆಯಿತು. ಎಚ್ಚರಿಕೆಯ ಮಾತು ಅನೇಕರ ಕಿವಿಗೆ ಬಡಾಯಿಯಾಗಿ ಕೇಳಿಸಿತು, ನಗೆಹನಿಗಳಿಗೆ ವಸ್ತುವಾಯಿತು. ಆಶ್ಚರ್ಯವೆಂದರೆ, ಆ ಮಾತೇ ಇಂಗ್ಲಿಷಿನಲ್ಲಿ ಬೇರೂರಿ ಇಂದಿಗೂ ಬಳಕೆಯಲ್ಲಿದೆ.

ಆದ್ದರಿಂದ ಅನುವಾದಕ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಾತಾಡುವವನು ಆ ಚಿತ್ರವನ್ನು ನಿಜವಾಗಿ ಕಾಣುತ್ತಿದ್ದಾನೆಯೇ, ಅಥವಾ ವಾಡಿಕೆಯಂತೆ ಆಡಿ ಮುಂದೆ ಹೋಗುತ್ತಿದ್ದಾನೆಯೇ? ವಾಡಿಕೆಯ ಮಾತಾದರೆ ವಾಡಿಕೆಯ ಇಂಗ್ಲಿಷ್ ಸಾಕು. ಚಿತ್ರವೇ ಮುಖ್ಯವಾದರೆ ಕೋತಿ, ಜಿಂಕೆ, ತಾಯಿ ಮೂವರೂ ಬರಲಿ.

ಇದರಲ್ಲಿ ನಮ್ಮ ಲಾಭನಷ್ಟವೂ ಇದೆ. ಅರಬ್ಬಿ ಕಥೆ, ಕಾದಂಬರಿಗಳನ್ನು ನಮ್ಮಲ್ಲಿ ಅನೇಕರು ಓದುವುದು ಇಂಗ್ಲಿಷಿನ ಮೂಲಕವೇ. ‘ದುಪ್ಪಟಿಯ ಅಳತೆಗೆ ಕಾಲು ಚಾಚು’ ಎಂಬ ಅರಬ್ಬಿ ಮಾತು ಇಂಗ್ಲಿಷಿನಲ್ಲಿ ‘ಬಟ್ಟೆಯಿದ್ದಷ್ಟು ಕೋಟು ಕತ್ತರಿಸು’ ಎಂದಾಗುತ್ತದೆ. ಅದನ್ನು ನಂಬಿ ಕನ್ನಡದಲ್ಲೂ ಕೋಟು ಹೊಲಿಯುವ ಮೊದಲು, ಹಾಸಿಗೆ ಇದ್ದಷ್ಟು ಕಾಲು ಚಾಚುವ ನಮ್ಮ ಗಾದೆಯನ್ನೊಮ್ಮೆ ನೆನೆಯೋಣ.