ಹಿರಿಯರ ತೋಳಿನ ಜೋಮು



ನಗರವಾಸಿಗಳಾದ ನಮ್ಮಲ್ಲಿ ಅನೇಕರ ಹಿರಿಯರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯಲ್ಲಿರುವರು. ಅವರ ತೋಳು ಜೋಮು ಹಿಡಿದಿದೆ, ಕೈಯಲ್ಲಿ ಬಲವಿಲ್ಲವೆಂದು ಸುದ್ದಿ ಬಂದಾಗ, ವಾತವಿರಬೇಕು, ಎಣ್ಣೆ ತಿಕ್ಕಿಸಿ ಎನ್ನುವುದು ಲೋಕರೂಢಿ. ವಾತವೆಂದರೆ ಹೆಸರಿಟ್ಟಂತಾಯಿತೇ ಹೊರತು ಕಾರಣ ತಿಳಿದಂತಾಗಲಿಲ್ಲ. ಕಾರಣವನ್ನು ಅರಿಯುವ ಬಗೆಯನ್ನು ಈ ಹೊತ್ತು ವಿಚಾರಿಸೋಣ.

ತೊಂದರೆಯು ಹೇಗೆ ಬಂದಿತೆಂಬುದೇ ಮೊದಲನೆಯ ಪ್ರಶ್ನೆ. ಹಠಾತ್ತಾಗಿ ಒಂದು ಪಕ್ಕದ ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಲಕ್ವವೆಂದೇ ಭಾವಿಸತಕ್ಕದ್ದು. ಈ ಮೂರೂ ಕೂಡಿ ಬರಲೆಂದು ಕಾಯಬಾರದು, ಒಂದಾದರೂ ಸಾಕು. ಮಿದುಳಿನ ರಕ್ತನಾಳವು ಕಟ್ಟಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಪರೀಕ್ಷೆಯಿಂದಲ್ಲದೆ ತಿಳಿಯದು. ಕಟ್ಟಿದ್ದರೆ, ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗಾಗಿ ಕೊಡಬೇಕು. ಆದುದರಿಂದ ರೋಗಿಯು ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಹೊತ್ತಿಗೆಂದು ಗುರುತಿಟ್ಟುಕೊಂಡು, ಕೂಡಲೆ 108ಕ್ಕೆ ಕರೆಮಾಡಿ, ಸ್ಕ್ಯಾನ್ ಸೌಕರ್ಯವುಳ್ಳ ಆಸ್ಪತ್ರೆಗೇ ಒಯ್ಯಬೇಕು. ಹತ್ತು ನಿಮಿಷದಲ್ಲಿ ತಾನಾಗಿ ವಾಸಿಯಾಯಿತೆಂದು ಸುಮ್ಮನಿರುವುದೂ ಸಲ್ಲದು. ಅದು ಮುಂದೆ ಬರುವ ಲಕ್ವದ ಮುನ್ಸೂಚನೆಯಾಗಿರಬಹುದು. ಎದೆನೋವಿನೊಡನೆ ಎಡತೋಳು ಜೋಮು ಹಿಡಿದರೆ ಹೃದಯವನ್ನು ಶಂಕಿಸಬೇಕು, ಅಲ್ಲಿಯೂ ತಡಮಾಡಲಾಗದು.

ಮೆಲ್ಲಮೆಲ್ಲನೆ ಬಂದುದಾದರೆ, ಯಾವ ಬೆರಳುಗಳೆಂದು ಕೇಳಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿಯಲ್ಲಿ ಜುಮುಗುಟ್ಟಿ, ಕೈ ಕೊಡವಿದರೆ ಹಿತವೆನಿಸಿದರೆ, ಮಣಿಕಟ್ಟಿನಲ್ಲಿ ನರ ಒತ್ತಿರುವ ಸಂಭವ ಹೆಚ್ಚು. ಕಿರುಬೆರಳೂ ಉಂಗುರಬೆರಳಿನ ಅರ್ಧವೂ ಮರಗಟ್ಟಿದರೆ ಮೊಳಕೈಯ ನರವನ್ನು ನೋಡಬೇಕು. ಕತ್ತಿನಿಂದ ತೋಳಿಗೆ ನೋವು ಹರಿದರೆ ಕತ್ತಿನ ಮೂಳೆಗಳ ಸವೆತ ಕಾರಣವಾಗಿರಬಹುದು. ಗುಂಡಿ ಹಾಕಲು ಬೆರಳು ತಡವರಿಸಿ, ನಡಿಗೆಯೂ ತೂರಾಡಿದರೆ ಬೆನ್ನುಹುರಿಯೇ ಒತ್ತಲ್ಪಟ್ಟಿರಬಹುದು. ಇದಕ್ಕೆ ನರರೋಗ ತಜ್ಞರ ಪರೀಕ್ಷೆ ಬೇಗನೆ ಆಗಬೇಕು. ಕತ್ತನ್ನು ಬಲವಾಗಿ ತಿರುವಿಸಿ ನೆಟಿಕೆ ತೆಗೆಸುವುದು ಇಂಥವರಿಗೆ ಅಪಾಯಕರ.

ಕಸಬನ್ನೂ ಮರೆಯಲಾಗದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಿದವರೂ, ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಕಡೆದವರೂ ಒಂದೇ ಕೆಲಸಕ್ಕೆ ಕೈಗಳನ್ನು ವರ್ಷಾನುಗಟ್ಟಲೆ ದುಡಿಸಿದವರು. ಅಂಥ ದುಡಿಮೆಯಿಂದ ಮಣಿಕಟ್ಟಿನ ನರಕ್ಕೆ ಪೀಡೆಯುಂಟಾಗಬಹುದು. ಸಿಹಿಮೂತ್ರರೋಗದ ಜೋಮಾದರೋ ಸಾಮಾನ್ಯವಾಗಿ ಎರಡು ಪಾದಗಳಲ್ಲಿ ಮೊದಲಾಗುವುದು. ಬಿ12 ಜೀವಸತ್ತ್ವದ ಕೊರತೆಯೂ ಉಂಟು. ರಕ್ತಪರೀಕ್ಷೆಯಿಂದ ಇವೆರಡೂ ತಿಳಿಯುವುವು. ಚರ್ಮದ ಮೇಲೆ ಸ್ಪರ್ಶವರಿಯದ ಮಚ್ಚೆಯಿದ್ದರೆ ಕುಷ್ಠವನ್ನು ನೆನೆಯಬೇಕು. ಅದೀಗ ಔಷಧದಿಂದ ಗುಣವಾಗುವ ರೋಗ.

ವಯಸ್ಸಾಯಿತೆಂಬುದು ರೋಗದ ಹೆಸರಲ್ಲ. ಎಂದು, ಯಾವ ಬೆರಳಿನಲ್ಲಿ, ಯಾವ ಹೊತ್ತಿನಲ್ಲಿ ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಟ್ಟರೆ, ನಿದಾನದ ಅರ್ಧ ಕಾರ್ಯವು ಮನೆಯಲ್ಲಿಯೇ ನಡೆದಂತೆ. ನಮ್ಮ ಹಿರಿಯರಿಗಾಗಿ ಇಷ್ಟನ್ನು ನಾವು ಮಾಡಬಲ್ಲೆವು.